ಸರದಿ ಬಂದಾಗ ಯೋಚಿಸುವ ಹಕ್ಕು

ವಿಡಿಯೊ ಗೇಮುಗಳ ಲೋಕದಲ್ಲಿ ಒಂದು ಮಾತು ಎಷ್ಟು ಸಲ ಕೇಳಿಬಂದಿದೆಯೆಂದರೆ, ಈಗ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಸರದಿ ಆಟಗಳು, ಅಂದರೆ ಟರ್ನ್-ಬೇಸ್ಡ್ ಗೇಮುಗಳು, ಹಳೆಯ ಕಾಲದ ಪಳೆಯುಳಿಕೆ. ಯಂತ್ರಕ್ಕೆ ಶಕ್ತಿ ಸಾಲದಿದ್ದಾಗ ವಿಧಿಯಿಲ್ಲದೆ ಮಾಡಿಕೊಂಡ ಏರ್ಪಾಡು. ಈಗ ಯಂತ್ರ ಬಲವಾಗಿದೆ, ಪಾತ್ರಗಳು ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಏಟು ಕೊಡುವ ಅಗತ್ಯ ತೀರಿತು ಎಂಬುದು ಆ ಮಾತು. ವಿಮರ್ಶಕರು ಇದನ್ನು ಹೇಳುತ್ತಾರೆ, ಪ್ರಕಾಶಕರು ಹೇಳುತ್ತಾರೆ, ಗೇಮು ಕಟ್ಟುವವರೂ ಹೇಳುತ್ತಾರೆ. 2011ರಲ್ಲಿ 2ಕೆ ಸಂಸ್ಥೆಯ ಅಂದಿನ ಅಧ್ಯಕ್ಷ ಕ್ರಿಸ್ಟೋಫ್ ಹಾರ್ಟ್‌ಮನ್, ಸ್ಟ್ರಾಟಜಿ ಗೇಮುಗಳು ಈ ಕಾಲದವಲ್ಲ ಎಂಬರ್ಥದ ಮಾತಾಡಿದರು. 2022ರಲ್ಲಿ ‘ಫೈನಲ್ ಫ್ಯಾಂಟಸಿ 16’ರ ನಿರ್ಮಾಪಕ ನವೋಕಿ ಯೋಶಿದಾ, ಪಟ್ಟಿಯಿಂದ ಆಜ್ಞೆ ಆರಿಸಿ ಹೋರಾಡುವುದರಲ್ಲಿ ಏನು ಸ್ವಾರಸ್ಯವಿದೆ ಎಂದು ಕೇಳುವವರು, ಅದರಲ್ಲೂ ಎಳೆಯರು, ಹೆಚ್ಚುತ್ತಿದ್ದಾರೆ ಎಂದರು. ಯೋಶಿದಾ ಆ ಪದ್ಧತಿಯ ವೈರಿಯಲ್ಲ, ಅದನ್ನೇ ಆಡಿ ಬೆಳೆದವರು. ಅವರ ಮಾತಿನಲ್ಲಿ ತಿರಸ್ಕಾರವೂ ಇರಲಿಲ್ಲ. ಆದರೂ ಅವರ ಗೇಮು ಬಂದಾಗ ಅದರಲ್ಲಿ ಸರದಿಗೆ ಜಾಗವಿರಲಿಲ್ಲ.

ಈ ನಂಬಿಕೆ ಚರಿತ್ರೆಗೆ ವಿರುದ್ಧವಾದದ್ದು. ಅದಕ್ಕಿಂತ ದೊಡ್ಡ ದೋಷವೆಂದರೆ, ಈ ಆಟಗಳು ಆಡುವವರ ಮನಸ್ಸಿನೊಳಗೆ ಏನು ಮಾಡುತ್ತವೆ ಎಂಬುದನ್ನು ಅದು ಕಣ್ಣೆತ್ತಿಯೂ ನೋಡಿಲ್ಲ. ಶಾಲೆಯ ದಿನಗಳಿಂದ ಇವನ್ನು ಪ್ರೀತಿಸಿಕೊಂಡು ಬಂದ ನನಗೆ ಇದಕ್ಕೆ ಎದುರು ಹೇಳದೆ ಇರಲಾಗದು.

ಮೊದಲು ಯಂತ್ರದ ಮಾತು. ಸರದಿಗೆ ಕಾಯದೆ ಎಲ್ಲವೂ ಒಮ್ಮೆಲೇ ನಡೆಯುವ ರಿಯಲ್ ಟೈಮ್ ಆಟ ಬಲವಾದ ಯಂತ್ರ ಬಂದ ಮೇಲೆಯೇ ಸಾಧ್ಯವಾಯಿತು ಎಂದುಕೊಂಡವರು ಇಸವಿಗಳನ್ನು ನೋಡಿಲ್ಲ. ಅಮೆರಿಕದ ಎಂಐಟಿಯಲ್ಲಿ ‘ಸ್ಪೇಸ್‌ವಾರ್’ ತಯಾರಾದದ್ದು 1962ರಲ್ಲಿ. ನಕ್ಷತ್ರವೊಂದರ ಸೆಳೆತಕ್ಕೆ ಸಿಕ್ಕ ಎರಡು ನೌಕೆಗಳು ಒಂದನ್ನೊಂದು ಬೇಟೆಯಾಡುವ ಆ ಆಟದಲ್ಲಿ ಸರದಿ ಎಂಬುದೇ ಇರಲಿಲ್ಲ. 1972ರ ‘ಪಾಂಗ್’, 1978ರ ‘ಸ್ಪೇಸ್ ಇನ್ವೇಡರ್ಸ್’ ಕೂಡ ಹಾಗೆಯೇ. ಯಂತ್ರಗಳು ತೀರ ಬಡವಾಗಿದ್ದ ಕಾಲದಲ್ಲೇ ಕೈಚುರುಕಿನ ಆಟ ರಾಜ್ಯವಾಳುತ್ತಿತ್ತು. ಮುಂದೆ ಜಪಾನಿನ ಫ್ಯಾಮಿಕಾಮ್ ಯಂತ್ರಕ್ಕೆ ಬನ್ನಿ. 1985ರಲ್ಲಿ ಅದರ ಮೇಲೆ ‘ಸೂಪರ್ ಮಾರಿಯೊ ಬ್ರದರ್ಸ್’ ಓಡುತ್ತಿತ್ತು, ನೆಗೆಯುತ್ತಿತ್ತು. 1986ರ ಫೆಬ್ರುವರಿಯಲ್ಲಿ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಬಂತು: ಕತ್ತಿ, ಗುರಾಣಿ, ಗವಿ, ರಾಕ್ಷಸರು, ಎಲ್ಲವೂ ರಿಯಲ್ ಟೈಮಿನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ಯಂತ್ರಕ್ಕೆ, ಯೂಜಿ ಹೋರಿ ‘ಡ್ರ್ಯಾಗನ್ ಕ್ವೆಸ್ಟ್’ ಕೊಟ್ಟರು. ಅಲ್ಲಿ ರಾಕ್ಷಸ ಎದುರಾದರೆ ಪರದೆಯ ಮೇಲೆ ಒಂದು ಪಟ್ಟಿ ತೆರೆಯುತ್ತದೆ, ನೀವು ಆರಿಸುವವರೆಗೆ ಜಗತ್ತು ಕಾಯುತ್ತದೆ. ಮೂರು ತಿಂಗಳ ಅಂತರದಲ್ಲಿ ಯಂತ್ರ ದುರ್ಬಲವಾಗಿಬಿಡಲಿಲ್ಲ. ‘ವಿಝರ್ಡ್ರಿ’, ‘ಅಲ್ಟಿಮಾ’ಗಳಂಥ ಅಮೆರಿಕದ ಗೇಮುಗಳನ್ನು ಮೆಚ್ಚಿದ್ದ ಹೋರಿ, ಕೈಚಳಕ ಇಲ್ಲದವರೂ ಓದಿಕೊಂಡು, ತೂಗಿಕೊಂಡು ಮುಗಿಸಬಹುದಾದ ಕತೆಯೊಂದನ್ನು ಕಟ್ಟಿದರು. ಎದುರಿಗೆ ಇನ್ನೊಂದು ದಾರಿ ತೆರೆದಿದ್ದಾಗ ಮಾಡಿದ ಆಯ್ಕೆ ಅದು.

‘ಫೈನಲ್ ಫ್ಯಾಂಟಸಿ’ ಸರಣಿಯ ಚರಿತ್ರೆಯಂತೂ ಈ ವಾದದ ಬುಡವನ್ನೇ ಕಡಿಯುತ್ತದೆ. 1987ರ ಮೊದಲ ಭಾಗ ಸರದಿ ಆಟ. 1991ರ ನಾಲ್ಕನೇ ಭಾಗದಲ್ಲಿ ಹಿರೊಯುಕಿ ಇಟೊ ಹೊಸ ಪದ್ಧತಿಯೊಂದನ್ನು ತಂದರು: ಪ್ರತಿ ಪಾತ್ರಕ್ಕೂ ಒಂದು ಕಾಲದ ಪಟ್ಟಿ, ಅದು ತುಂಬಿದೊಡನೆ ಆ ಪಾತ್ರ ಸಿದ್ಧ, ನೀವು ತಡಮಾಡಿದರೆ ಶತ್ರು ಕಾಯುವುದಿಲ್ಲ. ಅರ್ಧ ಸರದಿ, ಅರ್ಧ ರಿಯಲ್ ಟೈಮ್. 2000ದ ಒಂಬತ್ತನೇ ಭಾಗದವರೆಗೂ ಇದೇ ನಡೆಯಿತು. ಮರುವರ್ಷ ಪ್ಲೇಸ್ಟೇಷನ್ 2 ಎಂಬ, ಹಿಂದಿನದಕ್ಕಿಂತ ಎಷ್ಟೋ ಪಾಲು ಬಲವಾದ ಯಂತ್ರಕ್ಕೆ ಹತ್ತನೇ ಭಾಗ ಬಂದಾಗ, ತೋಶಿರೊ ತ್ಸುಚಿದಾ ಆ ಕಾಲದ ಪಟ್ಟಿಯನ್ನೇ ಕಿತ್ತುಹಾಕಿದರು. ಪೂರ್ತಿ ಸರದಿಗೆ ಮರಳಿದರು. ಪರದೆಯ ಬಲಬದಿಯಲ್ಲಿ ಮುಂದೆ ಯಾರ ಸರದಿ ಎಂಬ ಸಾಲು. ನೀವೊಂದು ಆಜ್ಞೆಯ ಮೇಲೆ ಬೆರಳಿಟ್ಟರೆ ಸಾಕು, ಆ ಸಾಲು ಹೇಗೆ ಬದಲಾಗುತ್ತದೆ ಎಂದು ಕೂಡಲೇ ಕಾಣುತ್ತದೆ. ನಡುವೆಯೇ ಒಬ್ಬರನ್ನು ಹಿಂದೆ ಕಳಿಸಿ ಇನ್ನೊಬ್ಬರನ್ನು ಮುಂದೆ ತರಬಹುದು. ಯಂತ್ರ ಬಲವಾದಂತೆಲ್ಲ ಸರದಿ ಸಾಯುತ್ತದೆ ಎಂಬ ಸೂತ್ರ ನಿಜವಾಗಿದ್ದರೆ ಈ ಗೇಮು ಹುಟ್ಟಲೇಬಾರದಿತ್ತು. ನನ್ನ ತೀರ್ಮಾನದಲ್ಲಿ ಆ ಸರಣಿಯ ಅತ್ಯಂತ ಸ್ಪಷ್ಟವಾದ, ಅತ್ಯಂತ ನ್ಯಾಯವಾದ ಯುದ್ಧಪದ್ಧತಿ ಅದೇ.

ಸಿಡ್ ಮೈಯರ್ ‘ಸಿವಿಲೈಸೇಷನ್’ (1991) ಕಟ್ಟಲು ಹೊರಟಾಗ ಮೊದಲ ಮಾದರಿ ರಿಯಲ್ ಟೈಮಿನದಾಗಿತ್ತು. ಆಡುವವರು ನಾಗರಿಕತೆಯನ್ನು ನಡೆಸುವ ಬದಲು ಅದು ತಾನಾಗಿ ನಡೆಯುವುದನ್ನು ನೋಡುತ್ತ ಕೂರುವಂತಾಯಿತು. ಮೈಯರ್ ಅದನ್ನು ಬಿಟ್ಟು ಸರದಿಗೆ ಬಂದರು. ಇನ್ನೊಂದೇ ಒಂದು ಸರದಿ ಎನ್ನುತ್ತ ಬೆಳಗಿನ ಜಾವದವರೆಗೆ ಜನರನ್ನು ಎಚ್ಚರವಾಗಿರಿಸಿದ ಗೇಮು ಹಾಗೆ ಹುಟ್ಟಿತು. ಅಂದರೆ ರಿಯಲ್ ಟೈಮ್ ಸಾಧ್ಯವಾಗಿದ್ದು, ಮಾಡಿ ನೋಡಿ, ಸಾಲದೆಂದು ಕೈಬಿಟ್ಟದ್ದು.

ಇನ್ನು ಎರಡನೆಯ ಆಪಾದನೆ: ಇವು ಈಗ ಯಾರಿಗೂ ಬೇಡ. ಹಾರ್ಟ್‌ಮನ್ ಮಾತಾಡಿದ ಹಿನ್ನೆಲೆಯನ್ನೇ ಹೇಳುತ್ತೇನೆ. ಇಂಗ್ಲೆಂಡಿನ ಜೂಲಿಯನ್ ಗೊಲಪ್ 1994ರಲ್ಲಿ ರೂಪಿಸಿದ ‘ಎಕ್ಸ್-ಕಾಮ್’ ಸರದಿ ಯುದ್ಧದ ಮೇರುಕೃತಿ. ಅದರ ಹೆಸರಿನ ಹಕ್ಕು ಕೈಸೇರಿದ ಮೇಲೆ 2ಕೆ 2010ರಲ್ಲಿ ಅದನ್ನೊಂದು ಶೂಟಿಂಗ್ ಗೇಮಾಗಿ ತರುವುದಾಗಿ ಸಾರಿತು. ಹಳೆಯ ಅಭಿಮಾನಿಗಳು ಸಂಕಟಪಟ್ಟಾಗ ಸಿಕ್ಕ ಉತ್ತರವೇ ಕಾಲ ಬದಲಾಗಿದೆ ಎಂಬುದು. ಆದರೆ ಅದೇ 2ಕೆಯ ಅಡಿಯಲ್ಲಿ ಫಿರಾಕ್ಸಿಸ್ ತಂಡದ ಜೇಕ್ ಸೊಲೊಮನ್ ಸರದಿ ಬಿಡದ ಹೊಸ ‘ಎಕ್ಸ್‌ಕಾಮ್: ಎನಿಮಿ ಅನ್‌ನೋನ್’ ಕಟ್ಟುತ್ತಿದ್ದರು. ಅದು 2012ರ ಅಕ್ಟೋಬರಿನಲ್ಲಿ ಬಂತು, ಗೆದ್ದಿತು, 2016ರಲ್ಲಿ ಎರಡನೇ ಭಾಗವನ್ನೂ ಪಡೆಯಿತು. ಕಾಲಕ್ಕೆ ತಕ್ಕದ್ದೆಂದು ಹೊಗಳಿಸಿಕೊಂಡ ಶೂಟಿಂಗ್ ಗೇಮು ರೂಪ ಬದಲಿಸಿ, ಹೆಸರು ಬದಲಿಸಿ 2013ರಲ್ಲಿ ಹೊರಬಂತು. ಇಂದು ಅದನ್ನು ನೆನೆಯುವವರು ಅಪರೂಪ.

ಇದೊಂದೇ ಅಲ್ಲ. ನಿಂಟೆಂಡೊದ ‘ಫೈರ್ ಎಂಬ್ಲಮ್’ ಸರಣಿಗೆ ಒಂದು ಗಡುವು ಬಿದ್ದಿತ್ತು: ಮುಂದಿನ ಭಾಗ ಎರಡೂವರೆ ಲಕ್ಷ ಪ್ರತಿ ಮಾರಾಟವಾಗದಿದ್ದರೆ ಸರಣಿಯೇ ಮುಗಿಯಿತು. ಆ ಭಾಗ 2012ರ ‘ಅವೇಕನಿಂಗ್’. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಸರಣಿಯನ್ನು ಬದುಕಿಸಿತು. ‘ಜಾಗ್ಡ್ ಅಲಯನ್ಸ್’ 2012ರಲ್ಲಿ ಸರದಿಯನ್ನು ಕಿತ್ತುಹಾಕಿ ಬಂತು, ಹಳೆಯ ಅಭಿಮಾನಿಗಳು ಬೆನ್ನು ತಿರುಗಿಸಿದರು. 2023ರ ಮೂರನೇ ಭಾಗದಲ್ಲಿ ಸರದಿ ಮರಳಿತು, ಅಭಿಮಾನಿಗಳೂ ಮರಳಿದರು. 2005ರಿಂದ ಬೀದಿಕಾಳಗವನ್ನೇ ಉಸಿರಾಗಿಸಿಕೊಂಡಿದ್ದ ‘ಯಾಕುಝಾ’ ಸರಣಿ 2020ರಲ್ಲಿ ಉಲ್ಟಾ ದಿಕ್ಕಿಗೆ ನಡೆದು ಸರದಿಯನ್ನು ಅಪ್ಪಿಕೊಂಡಿತು. ಅದರ ಹೊಸ ನಾಯಕ ಇಚಿಬಾನ್ ಕಸುಗಾ ‘ಡ್ರ್ಯಾಗನ್ ಕ್ವೆಸ್ಟ್’ನ ಹುಚ್ಚು ಅಭಿಮಾನಿ, ಎದುರಿಗೆ ಬಂದ ರೌಡಿಗಳು ಅವನ ಕಣ್ಣಿಗೆ ರಾಕ್ಷಸರಾಗಿ ಕಾಣುತ್ತಾರೆ. ಎಳೆಯರಿಗೆ ಇದು ಹಿಡಿಸದು ಎನ್ನುವವರು ‘ಪೋಕಿಮಾನ್’ ಕಡೆಗೆ ನೋಡಲಿ. 1996ರಿಂದ ಅದರ ಮುಖ್ಯ ಗೇಮುಗಳು ಬಹುಪಾಲು ಸರದಿಯನ್ನೇ ನೆಚ್ಚಿಕೊಂಡು ಬಂದಿವೆ. 2022ರ ನವೆಂಬರಿನಲ್ಲಿ, ಯೋಶಿದಾ ಮಾತಾಡಿದ ಅದೇ ವರ್ಷ, ‘ಸ್ಕಾರ್ಲೆಟ್’ ಮತ್ತು ‘ವೈಲೆಟ್’ ಸೇರಿ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದವು. ಅವನ್ನು ಕೊಂಡವರಲ್ಲಿ ಎಳೆಯರು ಕಡಿಮೆಯಿದ್ದರೆಂದು ಯಾರೂ ಹೇಳಲಾರರು.

ಮಾರಾಟದ ಲೆಕ್ಕವನ್ನು ಇಲ್ಲಿಗೇ ಬಿಡುತ್ತೇನೆ. ಲಕ್ಷ ಜನ ಕೊಂಡದ್ದರಿಂದ ಒಂದು ಗೇಮು ಒಳ್ಳೆಯದಾಗುವುದಿಲ್ಲ; ಯಾರಿಗೂ ಬೇಡ ಎಂಬ ಸುಳ್ಳನ್ನು ಅಳಿಸಲು ಮಾತ್ರ ಅದು ಬೇಕಿತ್ತು. ನಿಜವಾದ ಜಗಳ ಇರುವುದು ಬೇರೆ ಕಡೆ. ಸರದಿ ಎಂದರೆ ಆಟದಿಂದ ಏನನ್ನೋ ಕಳೆದದ್ದು, ಕಾಯುವಿಕೆ ಎಂದರೆ ಖಾಲಿ ಕಾಲ ಎಂದು ಎದುರಾಳಿಗಳು ಗ್ರಹಿಸುತ್ತಾರೆ. ಹಾಗೆ ಗ್ರಹಿಸಿದವರು 1994ರ ‘ಎಕ್ಸ್-ಕಾಮ್’ನಲ್ಲಿ ಒಂದು ರಾತ್ರಿಯ ಕಾರ್ಯಾಚರಣೆಯನ್ನು ಆಡಿರಲಾರರು.

ಅಲ್ಲಿ ಪ್ರತಿ ಯೋಧನಿಗೂ ಇಷ್ಟೇ ಎಂದು ಸಮಯದ ಅಂಶಗಳಿವೆ. ನಡೆದರೆ ಖರ್ಚು, ತಿರುಗಿದರೆ ಖರ್ಚು, ಮಂಡಿಯೂರಿದರೆ ಖರ್ಚು, ಗುಂಡು ಹಾರಿಸಿದರೆ ದೊಡ್ಡ ಖರ್ಚು. ಎಲ್ಲವನ್ನೂ ಮುಗಿಸದೆ ಒಂದಿಷ್ಟು ಉಳಿಸಿಕೊಂಡರೆ, ಶತ್ರುವಿನ ಸರದಿಯಲ್ಲಿ ಯಾರಾದರೂ ಕಣ್ಣಿಗೆ ಬಿದ್ದಾಗ ಆ ಯೋಧ ತಾನಾಗಿ ಗುಂಡು ಹಾರಿಸಬಹುದು. ಹೀಗಾಗಿ ಇನ್ನೆರಡು ಹೆಜ್ಜೆ ಇಟ್ಟು ಗೋಡೆಯ ಮರೆ ಸೇರಲೋ, ಇಲ್ಲೇ ನಿಂತು ಬಂದೂಕು ಎತ್ತಿ ಕಾಯಲೋ ಎಂಬುದು ಪ್ರತಿ ಸರದಿಯಲ್ಲೂ ಎದುರಾಗುವ ಪ್ರಶ್ನೆ. ನೀವು ಸರದಿ ಮುಗಿಸುತ್ತೀರಿ. ಪರದೆಯ ಮೇಲೆ, ಶತ್ರು ಕಣ್ಣಿಗೆ ಕಾಣದಂತೆ ಚಲಿಸುತ್ತಿದ್ದಾನೆ ಎಂದು ತಿಳಿಸುವ ಒಂದು ಚಿತ್ರ ಬಂದು ನಿಲ್ಲುತ್ತದೆ. ಏನೂ ಕಾಣುವುದಿಲ್ಲ. ಎಲ್ಲೋ ಬಾಗಿಲು ಸರಿದ ಸದ್ದು. ಯಾವ ಬಾಗಿಲು? ಕೊಟ್ಟಿಗೆಯದೋ, ಮೇಲ್ಮಹಡಿಯದೋ? ಕೈಯಲ್ಲಿ ಮಾಡಲು ಏನೂ ಇಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿಯಾಗಿದೆ, ಅದು ಸಾಕಿತ್ತೇ ಎಂಬುದು ಈಗ ತಿಳಿಯಬೇಕು. ವೇಗದ ಗೇಮುಗಳಲ್ಲಿ ಭಯ ಬೆಚ್ಚಿಬೀಳುವಿಕೆಯಾಗಿ ಬಂದು ಕೂಡಲೇ ಬೆರಳಿನ ಕೆಲಸವಾಗಿ ಕರಗುತ್ತದೆ. ಇಲ್ಲಿ ಅದು ಕರಗಲು ದಾರಿಯಿಲ್ಲ. ಆ ಕಾಯುವಿಕೆಯನ್ನು ತೆಗೆದರೆ ಆ ಗೇಮಿನ ಜೀವವೇ ಹೋಯಿತು.

ಸೋತಾಗಲೂ ಅಷ್ಟೇ. ವೇಗದ ಆಟದಲ್ಲಿ ಸತ್ತರೆ ಬೆರಳು ತಡವಾಯಿತು ಎಂದುಕೊಂಡು ಮುಂದೆ ಹೋಗುತ್ತೇವೆ. ಸರದಿ ಆಟದಲ್ಲಿ ಯೋಧನೊಬ್ಬ ಸತ್ತರೆ ಕಾರಣ ಕಣ್ಣೆದುರಿಗೇ ಇದೆ: ಅವನನ್ನು ಆ ಮುರುಕು ಬೇಲಿಯ ಹಿಂದೆ ನಿಲ್ಲಿಸಿದ್ದು ನಾನೇ, ಸಮಯ ಬೇಕಾದಷ್ಟಿತ್ತು, ಬೇರೆ ದಾರಿಗಳೂ ಇದ್ದವು. 2012ರ ‘ಎಕ್ಸ್‌ಕಾಮ್’ನಲ್ಲಿ ಯೋಧರಿಗೆ ನಾವೇ ಹೆಸರಿಡಬಹುದು. ನಾನು ಅಣ್ಣತಮ್ಮಂದಿರ, ಗೆಳೆಯರ ಹೆಸರಿಡುತ್ತೇನೆ. ಸತ್ತವರು ಮತ್ತೆ ಬರುವುದಿಲ್ಲ. ಐರನ್‌ಮ್ಯಾನ್ ಕ್ರಮದಲ್ಲಿ ಆಡಿದರೆ ಹಿಂದಿನ ಸೇವ್‌ಗೆ ಮರಳುವ ದಾರಿಯೂ ಇಲ್ಲ. ಆ ಹೊಣೆಯ ಭಾರವನ್ನು ಯಾವ ಶೂಟಿಂಗ್ ಗೇಮಿನಲ್ಲೂ ನಾನು ಅನುಭವಿಸಿಲ್ಲ. ಯೋಚಿಸಲು ಸಮಯ ಕೊಟ್ಟ ಆಟ ನೆಪ ಹೇಳುವ ಅವಕಾಶವನ್ನು ಕಿತ್ತುಕೊಳ್ಳುತ್ತದೆ.

ಅದೃಷ್ಟದ ಮಾತು ಬಂದೇ ಬರುತ್ತದೆ. ನೂರಕ್ಕೆ 95 ಎಂದು ತೋರಿಸಿದ ಗುಂಡು ಗುರಿ ತಪ್ಪಿತು, ಇದೆಂಥ ಜಾಣ್ಮೆಯ ಆಟ ಎಂದು ಮೂಗು ಮುರಿಯುವವರಿದ್ದಾರೆ. ಸರಾಸರಿ ಇಪ್ಪತ್ತರಲ್ಲಿ ಒಂದು ತಪ್ಪುತ್ತದೆ. ಆ ಒಂದು ಬಂದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿರುವುದೇ ಜಾಣ್ಮೆ. ಈ ಆಟಗಳನ್ನು ಕಟ್ಟುವವರು ಮನುಷ್ಯರ ಈ ಕೊರಗನ್ನು ಎಷ್ಟು ಆಳವಾಗಿ ಬಲ್ಲರೆಂದರೆ, ‘ಫೈರ್ ಎಂಬ್ಲಮ್’ನ 2002ರ ಭಾಗದಿಂದ ಹಲವು ಭಾಗಗಳಲ್ಲಿ ಒಂದರ ಬದಲು ಎರಡು ಸಂಖ್ಯೆಗಳನ್ನು ಎತ್ತಿ ಅವುಗಳ ಸರಾಸರಿ ತೆಗೆದರು. ಪರದೆ 90 ಎಂದರೆ ನಿಜದಲ್ಲಿ ಏಟು ತಾಗುವ ಸಂಭವ ಸುಮಾರು 98. ಪರದೆ 10 ಎಂದರೆ ನಿಜದಲ್ಲಿ ಸುಮಾರು 2. ಗಣಿತದ ಸತ್ಯಕ್ಕಿಂತ ಮನಸ್ಸಿಗೆ ನ್ಯಾಯವೆನಿಸುವುದನ್ನು ಅವರು ಆರಿಸಿಕೊಂಡರು.

ಅದೃಷ್ಟವನ್ನೇ ಒಲ್ಲೆನೆನ್ನುವವರಿಗೆ 2018ರ ‘ಇನ್‌ಟು ದ ಬ್ರೀಚ್’ ಇದೆ. ಎಂಟು ಸಾಲು, ಎಂಟು ಅಂಕಣ, ನಿಮ್ಮ ಕಡೆ ಮೂರೇ ಯಂತ್ರಮಾನವರು. ನೆಲದಡಿಯಿಂದ ಏಳುವ ದೈತ್ಯ ಕೀಟಗಳು ಮುಂದೆ ಎಲ್ಲಿಗೆ, ಎಷ್ಟು ಬಲವಾಗಿ ಹೊಡೆಯುತ್ತವೆ ಎಂಬುದು ಮೊದಲೇ ಪರದೆಯ ಮೇಲಿದೆ. ಮುಚ್ಚಿಟ್ಟದ್ದು ಬಹುತೇಕ ಇಲ್ಲವೇ ಇಲ್ಲ. ಕೊಲ್ಲುವುದು ಮುಖ್ಯವಲ್ಲ, ಒಂದು ಕೀಟವನ್ನು ಒಂದು ಮನೆಯಷ್ಟು ಪಕ್ಕಕ್ಕೆ ತಳ್ಳಿದರೆ ಅದರ ಏಟು ಊರಿನ ಬದಲು ಇನ್ನೊಂದು ಕೀಟಕ್ಕೆ ಬೀಳುತ್ತದೆ. ನೆಲದಿಂದ ಏಳಲಿರುವ ಕೀಟದ ಮೇಲೆ ನಿಮ್ಮ ಯಂತ್ರವನ್ನೇ ನಿಲ್ಲಿಸಿ, ಒಂದು ಏಟು ತಿಂದು, ಅದನ್ನು ತಡೆಯಬಹುದು. ಕೆಲವೇ ಸರದಿಗಳಲ್ಲಿ ಯುದ್ಧ ಮುಗಿಯುತ್ತದೆ. ಒಂದೊಂದು ಸರದಿಗೂ ಹತ್ತು ನಿಮಿಷ ಪರದೆಯನ್ನೇ ದಿಟ್ಟಿಸಿ ಕೂತು, ಉಳಿಸಲಾಗದು ಎನಿಸಿದ ನಾಲ್ಕು ಕಟ್ಟಡಗಳನ್ನೂ ಉಳಿಸುವ ದಾರಿ ಫಕ್ಕನೆ ಹೊಳೆದಾಗ ಆಗುವ ಆನಂದವನ್ನು ನಿಧಾನ ಎಂದು ಕರೆಯುವವರ ಜೊತೆ ನನಗೆ ಒಪ್ಪಂದವಿಲ್ಲ. ಆಗ ಮನಸ್ಸು ಓಡುವ ವೇಗಕ್ಕೆ ಯಾವ ರೇಸಿಂಗ್ ಗೇಮೂ ಸಾಟಿಯಲ್ಲ.

‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಬಗ್ಗೆ ತುಸು ಹೆಚ್ಚೇ ಹೇಳಬೇಕು, ಏಕೆಂದರೆ ನನ್ನ ಪ್ರೀತಿಯ ಬೇರು ಅಲ್ಲಿದೆ. ಯಸುಮಿ ಮತ್ಸುನೊ 1997ರಲ್ಲಿ ಕೊಟ್ಟ ಈ ಗೇಮಿನಲ್ಲಿ ಸರದಿ ಎಂಬುದು ಸಮವಾಗಿ ಹಂಚಿದ ಪಾಲಲ್ಲ. ಪ್ರತಿಯೊಬ್ಬರ ವೇಗಕ್ಕೆ ತಕ್ಕಂತೆ ಅದು ಬರುತ್ತದೆ. ದೊಡ್ಡ ಮಂತ್ರವನ್ನು ಆರಂಭಿಸಿದ ಮಂತ್ರವಾದಿ ಅದು ಫಲಿಸುವವರೆಗೆ ಕಾಯಬೇಕು; ಅಷ್ಟರಲ್ಲಿ ಯಾರ ಯಾರ ಸರದಿ ಬರುತ್ತದೆ, ಯಾರು ಎಲ್ಲಿಗೆ ಸರಿಯುತ್ತಾರೆ ಎಂದು ಮೊದಲೇ ಎಣಿಸಬೇಕು. ಮಂತ್ರವನ್ನು ಮನುಷ್ಯನಿಗೆ ಕಟ್ಟಿದರೆ ಅವನು ಹೋದಲ್ಲಿಗೆ ಅದು ಹಿಂಬಾಲಿಸುತ್ತದೆ. ಅವನು ನಮ್ಮವರ ನಡುವೆ ಬಂದು ನಿಂತರೆ ನಮ್ಮವರೂ ಸುಡುತ್ತಾರೆ. ನೆಲಕ್ಕೆ ಕಟ್ಟಿದರೆ ಅವನು ತಪ್ಪಿಸಿಕೊಳ್ಳಬಹುದು. ಜೊತೆಗೆ ನೆಲದ ಏರುತಗ್ಗು, ಮುಖ ಯಾವ ಕಡೆಗಿದೆ ಎಂಬುದು. ಬೆನ್ನಿಗೆ ಬೀಳುವ ಏಟು ತಪ್ಪಿಸಿಕೊಳ್ಳುವುದು ಕಷ್ಟ, ಆದ್ದರಿಂದ ಸರದಿ ಮುಗಿಸುವಾಗ ಯಾವ ಕಡೆ ತಿರುಗಿ ನಿಲ್ಲಬೇಕೆಂಬುದೂ ಒಂದು ನಿರ್ಧಾರ.

ಈ ಎಲ್ಲ ಲೆಕ್ಕಾಚಾರ ಕತೆಯಿಂದ ಬೇರೆಯಾಗಿ ನಿಂತಿಲ್ಲ. ನಾಯಕ ರಾಮ್ಝಾ ದೊಡ್ಡ ಮನೆತನದ ಹುಡುಗ. ಅವನು ಮೊದಲು ಎದುರಿಸುವವರು ರಾಜ್ಯಕ್ಕಾಗಿ ಯುದ್ಧ ಮಾಡಿ, ಸಂಬಳ ಸಿಗದೆ ಬೀದಿಗೆ ಬಿದ್ದು, ದಂಗೆಯೆದ್ದ ಸೈನಿಕರು. ಅವರಲ್ಲಿ ಮಿಲುಡಾ ಎಂಬ ಹೆಣ್ಣುಮಗಳು ಕಾಳಗದ ನಡುವೆಯೇ, ಸರದಿ ಸರದಿಗೆ, ಕುಲೀನರ ದರ್ಪವನ್ನು ಅವರ ಮುಖಕ್ಕೆ ಹೇಳುತ್ತಾಳೆ. ರಾಮ್ಝಾನಿಗೆ ಉತ್ತರ ಸಿಗುವುದಿಲ್ಲ, ಆದರೆ ಮುಂದಿನ ಸರದಿ ಅವನದು, ಆಜ್ಞೆ ಕೊಡಬೇಕಾದವರು ನಾವು. ಅವಳ ಮಾತು ನ್ಯಾಯ ಎಂದು ತಿಳಿದೂ ಅವಳ ಮೇಲೆ ಕತ್ತಿ ಎತ್ತುವ ಆಜ್ಞೆಯನ್ನು ನಿಧಾನವಾಗಿ, ಎಚ್ಚರದಿಂದ, ಗುಂಡಿ ಒತ್ತಿ ಕೊಡಬೇಕು. ಅದೇ ಕಾಳಗ ಬೆರಳಿನ ವೇಗದಲ್ಲಿ ನಡೆದಿದ್ದರೆ ಆ ಮಾತು ಗದ್ದಲದಲ್ಲಿ ಮುಳುಗುತ್ತಿತ್ತು. ಮುಂದೆ ಅವಳ ಅಣ್ಣ ವೀಗ್ರಾಫ್ ರಿಯೊವೇನ್ಸ್ ಕೋಟೆಯೊಳಗೆ ರಾಮ್ಝಾನನ್ನು ಒಂಟಿಯಾಗಿ ಎದುರಿಸುತ್ತಾನೆ. ಆಡಿದವರೆಲ್ಲ ಆ ದ್ವಂದ್ವವನ್ನು ನೆನಪಿಟ್ಟುಕೊಂಡಿದ್ದಾರೆ. ಕೋಟೆಯೊಳಗೆ ಸೇವ್ ಮಾಡಿಕೊಂಡವರಿಗೆ ಹಿಂದೆ ಬಂದು ತಯಾರಾಗುವ ದಾರಿಯಿಲ್ಲ. ಗೆಲ್ಲುವ ಒಂದು ಉಪಾಯವೆಂದರೆ ಏಟು ಕೊಡುವ ಆಸೆಯನ್ನು ಬಿಟ್ಟು ಸರದಿಯ ಮೇಲೆ ಸರದಿ ತನ್ನ ವೇಗವನ್ನೇ ಹೆಚ್ಚಿಸಿಕೊಳ್ಳುತ್ತ ಹೋಗುವುದು. ಕೊನೆಗೆ ಶತ್ರುವಿಗೆ ಒಂದು ಸರದಿ ಬರುವಷ್ಟರಲ್ಲಿ ರಾಮ್ಝಾನಿಗೆ ಹಲವು ಬರುತ್ತವೆ. ಕಾಲವನ್ನೇ ಕೂಡಿಟ್ಟು ಗೆಲ್ಲುವ ಈ ದಾರಿ ಸರದಿ ಇಲ್ಲದ ಆಟದಲ್ಲಿ ಊಹೆಗೂ ನಿಲುಕದು. 2025ರ ಸೆಪ್ಟೆಂಬರಿನಲ್ಲಿ ಈ ಗೇಮು ಹೊಸ ರೂಪದಲ್ಲಿ ಬಂದಾಗ ಚಿತ್ರ ಹೊಳಪಾಯಿತು, ಪಾತ್ರಗಳಿಗೆ ದನಿ ಬಂತು. ಸರದಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಇನ್ನೊಂದು ತಕರಾರು ವಾಸ್ತವದ್ದು. ನಿಜವಾದ ಯುದ್ಧದಲ್ಲಿ ಯಾರಾದರೂ ಎದುರಾಳಿ ಹೊಡೆಯಲಿ ಎಂದು ನಿಂತಿರುತ್ತಾರೆಯೇ? ಚಿತ್ರ ನೈಜವಾದಷ್ಟೂ ಇದು ಎದ್ದು ಕಾಣುತ್ತದೆ ಎನ್ನುತ್ತಾರೆ. ಯಕ್ಷಗಾನದ ಕರ್ಣಾರ್ಜುನ ಕಾಳಗ ನೋಡಿದ ಯಾರಿಗೂ ಈ ಪ್ರಶ್ನೆ ದೊಡ್ಡದೆನಿಸದು. ಭಾಗವತರ ಪದ ಮುಗಿದು ಅರ್ಜುನ ಅರ್ಥ ಹೇಳುವಷ್ಟು ಹೊತ್ತು ಕರ್ಣ ಬಿಲ್ಲು ಹಿಡಿದು ನಿಂತಿರುತ್ತಾನೆ, ಆಮೇಲೆ ಅವನ ಸರದಿ. ಯುದ್ಧದ ಬಿಸಿ ತಗ್ಗುವುದಿಲ್ಲ, ಮಾತು ಮಾತಿಗೂ ಏರುತ್ತದೆ. ಕಲೆಗೆ ತನ್ನದೇ ಕಾಲವಿದೆ. ಅಷ್ಟಕ್ಕೂ ರಿಯಲ್ ಟೈಮ್ ಗೇಮುಗಳು ಯಾವ ವಾಸ್ತವವನ್ನು ಕಾಪಾಡಿವೆ? ನೆಲದ ಮೇಲೆ ಉರುಳಿದಾಗ ಕತ್ತಿ ತಾಗದ ನಾಯಕ, ಇಪ್ಪತ್ತು ಏಟು ತಿಂದೂ ರಕ್ತ ಸುರಿಸದ ದೈತ್ಯ, ತಲೆಯ ಮೇಲೆ ಹಾರುವ ಅಂಕಿಗಳು, ಇವೆಲ್ಲ ಅಲ್ಲಿಯ ಕಟ್ಟುಪಾಡುಗಳು. ಅವನ್ನು ಒಪ್ಪಿಕೊಂಡವರು ಸರದಿಯನ್ನು ಮಾತ್ರ ಸುಳ್ಳೆನ್ನುವುದು ಅನ್ಯಾಯ.

ಈಚೆಗೆ ಇದೇ ವಾದ ಮೆದುವಾದ ರೂಪದಲ್ಲಿ ಬರುತ್ತಿದೆ. ಫ್ರಾನ್ಸಿನ ಮಾಂಪೆಲಿಯೆ ನಗರದ ಸ್ಯಾಂಡ್‌ಫಾಲ್ ತಂಡ 2025ರಲ್ಲಿ ತಂದ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ವರ್ಷದ ಶ್ರೇಷ್ಠ ಗೇಮೆಂಬ ಪ್ರಶಸ್ತಿ ಪಡೆಯಿತು. ಅದರಲ್ಲಿ ಶತ್ರುವಿನ ಸರದಿಯಲ್ಲಿ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ಏಟು ತಪ್ಪಿಸಿಕೊಳ್ಳಬಹುದು, ತಡೆದು ತಿರುಗಿಸಬಹುದು. ನೋಡಿ, ಸರದಿ ಆಟ ಬದುಕಬೇಕಾದರೆ ರಿಯಲ್ ಟೈಮಿನ ಆಸರೆ ಬೇಕೇ ಬೇಕು ಎಂದು ಈಗ ಪಾಠ ಹೇಳುತ್ತಿದ್ದಾರೆ. ಆ ಗೇಮು ನನಗೆ ತುಂಬ ಪ್ರಿಯ. ಆದರೆ ಪಾಠ ತಪ್ಪು. ಕ್ಷಣ ನೋಡಿ ಗುಂಡಿ ಒತ್ತುವುದು 1996ರ ‘ಸೂಪರ್ ಮಾರಿಯೊ ಆರ್‌ಪಿಜಿ’ಯಲ್ಲೇ ಇತ್ತು, ಇದು ಸರದಿಯ ಮನೆಯದೇ ಹಳೆಯ ಕವಲು, ಹೊರಗಿನಿಂದ ಬಂದ ರಕ್ಷಕನಲ್ಲ. ‘ಎಕ್ಸ್‌ಪೆಡಿಷನ್ 33’ರ ಆಳವಿರುವುದು ಪ್ರತಿ ಪಾತ್ರವೂ ಸರದಿಯನ್ನು ಬೇರೆ ಬೇರೆ ರೀತಿಯಲ್ಲಿ ಬಳಸುವುದರಲ್ಲಿ: ಮಾಯೆಲ್ ಹೋರಾಟದ ನಿಲುವು ಬದಲಿಸುತ್ತ ಬಲ ಹೆಚ್ಚಿಸಿಕೊಳ್ಳುತ್ತಾಳೆ, ಲೂನ್ ಒಂದು ಮಂತ್ರದಿಂದ ಕೂಡಿಟ್ಟದ್ದನ್ನು ಇನ್ನೊಂದಕ್ಕೆ ಸುರಿಯುತ್ತಾಳೆ. ಏಟು ತಿರುಗಿಸುವುದರಲ್ಲಿ ಪಳಗಿದ ಕೈಗೆ ಈ ಯಾವ ಯೋಜನೆಯೂ ಬೇಡವಾಗಿಬಿಡುತ್ತದೆ; ಆ ಗೇಮಿನ ನಿಜವಾದ ದೌರ್ಬಲ್ಯ ಅದೇ ಎಂದು ನಾನು ತಿಳಿದಿದ್ದೇನೆ.

ಬೆರಕೆಯ ಇನ್ನೊಂದು ಚರಿತ್ರೆಯೂ ಇದೆ. 1998ರ ‘ಬಾಲ್ಡರ್ಸ್ ಗೇಟ್’ ರಿಯಲ್ ಟೈಮಿನಲ್ಲಿ ಓಡುತ್ತಿತ್ತು, ಬೇಕೆಂದಾಗ ನಿಲ್ಲಿಸಿ ಆಜ್ಞೆ ಕೊಡಬಹುದಿತ್ತು. ಕಷ್ಟದ ಕಾಳಗಗಳಲ್ಲಿ ಎರಡೆರಡು ಕ್ಷಣಕ್ಕೊಮ್ಮೆ ನಿಲ್ಲಿಸುತ್ತ ನಾವೇ ಸರದಿಯನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದೆವು. ಅದೇ ಹಾದಿಯ ‘ಪಿಲ್ಲರ್ಸ್ ಆಫ್ ಎಟರ್ನಿಟಿ 2’ 2018ರಲ್ಲಿ ಬಂದು, ಮರುವರ್ಷ ಸರದಿಯ ಕ್ರಮವನ್ನೂ ಸೇರಿಸಿಕೊಂಡಿತು. 2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ತಂಡ ‘ಬಾಲ್ಡರ್ಸ್ ಗೇಟ್ 3’ನ್ನು ಪೂರ್ತಿ ಸರದಿಯಲ್ಲಿ ಕಟ್ಟಿತು, ಅದಕ್ಕೂ ವರ್ಷದ ಶ್ರೇಷ್ಠ ಗೇಮೆಂಬ ಮನ್ನಣೆ ಬಂತು. ಶತ್ರುವನ್ನು ಬಂಡೆಯಂಚಿನಿಂದ ತಳ್ಳುವುದು, ಎಣ್ಣೆಯ ಪೀಪಾಯಿ ಎಸೆದು ಬೆಂಕಿ ಹಚ್ಚುವುದು, ಮಳೆನೀರಿಗೆ ಮಿಂಚು ಹಾಯಿಸುವುದು: ಇಂಥ ಚಮತ್ಕಾರಗಳು ಹೊಳೆಯುವುದು ಜಗತ್ತು ಕಾಯುತ್ತಿದ್ದಾಗ.

ಎಳೆಯರು, ಎಳೆಯರು ಎಂದು ಒಂದೇ ಸಮನೆ ಹೇಳುವವರು ಉಳಿದವರನ್ನು ಮರೆಯುತ್ತಾರೆ. ಕೈ ನಡುಗುವವರಿದ್ದಾರೆ, ಒಂದೇ ಕೈಯಲ್ಲಿ ಆಡಬೇಕಾದವರಿದ್ದಾರೆ, ಮಗು ಅತ್ತರೆ ಆಟ ಬಿಟ್ಟು ಏಳಬೇಕಾದ ತಾಯಂದಿರಿದ್ದಾರೆ, ಕಣ್ಣು ಮಂಜಾದ ಅಜ್ಜಂದಿರಿದ್ದಾರೆ. ಸರದಿ ಅವರಿಗಾಗಿ ಕಾಯುತ್ತದೆ. ಅವರಿಗೆ ಅದು ದಯೆಯಿಂದ ಕೊಟ್ಟ ಸುಲಭದ ದಾರಿಯೂ ಅಲ್ಲ. ಎಲ್ಲರಿಗೂ ಇರುವ ಅದೇ ಕಷ್ಟ, ಅದೇ ಗೆಲುವು. ನಮ್ಮಲ್ಲಿ ಗೇಮಿಂಗ್ ಎಂದರೆ ಫೋನಿನ ಮೇಲೆ ಓಡುವ ಬೆರಳು, ‘ಬಿಜಿಎಂಐ’, ಇ-ಸ್ಪೋರ್ಟ್ಸ್ ಬಹುಮಾನ ಎಂದಷ್ಟೇ ಆಗಿದೆ. ಚದುರಂಗದಲ್ಲಿ ಗುಕೇಶ್ 2024ರಲ್ಲಿ ವಿಶ್ವ ಚಾಂಪಿಯನ್ ಆದಾಗ ಸಂಭ್ರಮಿಸಿದ ನಾಡು, ಪರದೆಯ ಮೇಲಿನ ಸರದಿ ಆಟವನ್ನು ಮಂದಬುದ್ಧಿಯ ಆಟದಂತೆ ಕಾಣುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಈ ಪ್ರಕಾರದಲ್ಲಿ ಬೇಸರ ತರುವುದು ಇಲ್ಲವೆನ್ನಲಾರೆ. ನಾಲ್ಕು ಹೆಜ್ಜೆಗೊಮ್ಮೆ ಎದುರಾಗುವ ಬೇಡದ ಕಾಳಗಗಳು, ಒಂದೇ ಗುಂಡಿಯನ್ನು ಒತ್ತುತ್ತ ಗೆಲ್ಲಬಹುದಾದ ಯುದ್ಧಗಳು, ನೂರನೇ ಸಲವೂ ಪೂರ್ತಿ ನೋಡಲೇಬೇಕಾದ ಮಂತ್ರದ ಚಿತ್ರಗಳು. ಆದರೆ ಇವು ಸರದಿಯ ದೋಷಗಳಲ್ಲ, ಸೋಮಾರಿ ಕಟ್ಟುವಿಕೆಯ ದೋಷಗಳು. ಅವನ್ನು ತಿದ್ದಿದವರೂ ಈ ಮನೆಯವರೇ. 1994ರ ‘ಅರ್ಥ್‌ಬೌಂಡ್’ನಲ್ಲಿ ತೀರ ದುರ್ಬಲ ಶತ್ರು ಎದುರಾದರೆ ಕಾಳಗವಿಲ್ಲದೆ ನೇರ ಗೆಲುವು. 1995ರ ‘ಕ್ರೋನೊ ಟ್ರಿಗರ್’ನಲ್ಲಿ ಶತ್ರುಗಳು ದಾರಿಯಲ್ಲೇ ಕಣ್ಣಿಗೆ ಕಾಣುತ್ತಾರೆ. ‘ಬ್ರೇವ್ಲಿ ಡಿಫಾಲ್ಟ್’ನಲ್ಲಿ ಕಾಳಗಗಳು ಎಷ್ಟು ಬರಬೇಕು, ಎಷ್ಟು ವೇಗವಾಗಿ ಓಡಬೇಕು ಎಂಬುದನ್ನು ನಾವೇ ನಿಗದಿ ಮಾಡಬಹುದು. 2003ರ ‘ಶಿನ್ ಮೆಗಾಮಿ ಟೆನ್ಸೇ 3’ರಲ್ಲಿ ಶತ್ರುವಿನ ದೌರ್ಬಲ್ಯಕ್ಕೆ ಹೊಡೆದರೆ ಅರ್ಧ ಸರದಿಯಷ್ಟೇ ಖರ್ಚು, ಗುರಿ ತಪ್ಪಿದರೆ ಎರಡು ಸರದಿ ನಷ್ಟ, ಶತ್ರು ಏಟನ್ನು ತಿರುಗಿಸಿದರೆ ಎಲ್ಲವೂ ಹೋಯಿತು, ಶತ್ರುವಿಗೂ ಅದೇ ನಿಯಮ. ದಾರಿಯ ಪುಟ್ಟ ಕಾಳಗವೂ ಅಲ್ಲಿ ಜೀವಕ್ಕೆ ಕುತ್ತು ತರಬಲ್ಲದು, ಬೇಸರಕ್ಕೆ ಎಡೆಯೇ ಇಲ್ಲ.

ವಿಮರ್ಶಕರಿಂದ ನಾನು ಕೇಳುವುದು ಈ ಬಗೆಯ ವಿಮರ್ಶೆಯನ್ನು. ಈ ಸರದಿಯಲ್ಲಿ ನನ್ನ ಮುಂದೆ ನಿಜವಾಗಿಯೂ ಎಷ್ಟು ದಾರಿಗಳಿದ್ದವು? ಆಯ್ಕೆಯ ಫಲವನ್ನು ಊಹಿಸಲು ಆಟ ನನಗೆ ಸಾಕಷ್ಟು ತೋರಿಸಿತೇ? ಶತ್ರುವಿನ ಸರದಿಯಲ್ಲಿ ನಾನು ಉಸಿರು ಹಿಡಿದು ಕೂತೆನೇ, ಫೋನು ನೋಡುತ್ತ ಕೂತೆನೇ? ಸೋತಾಗ ಕಾರಣ ತಿಳಿಯಿತೇ? ಈ ಪ್ರಶ್ನೆಗಳನ್ನು ಕೇಳಿ ಒಂದು ಗೇಮನ್ನು ಕೆಟ್ಟದ್ದೆಂದರೆ ನಾನು ಕೂತು ಓದುತ್ತೇನೆ, ಒಪ್ಪದಿದ್ದರೂ ಗೌರವಿಸುತ್ತೇನೆ. ಸರದಿ ಇದೆ, ಆದ್ದರಿಂದ ಹಳತು ಎಂದು ಮೊದಲ ಸಾಲಿನಲ್ಲೇ ತೀರ್ಪು ಬರೆದವರು ಆ ಗೇಮನ್ನು ಇನ್ನೂ ಆಡಿಯೇ ಇಲ್ಲ.